ನಾಲ್ಕನೇ ಶೆಡ್ಡು ಖಾಲಿ

ಬೆಳಗ್ಗೆ ಎದ್ದಾಗಿನಿಂದ ಅವನಿಗೆ ತನ್ನ ಕೈಯ ವಾಸನೆ ಬರುತ್ತಿತ್ತು. ಸೋಪು ಹಚ್ಚಿ ಎರಡು ಸಲ ತೊಳೆದು ಮೂರನೆಯ ಸಲಕ್ಕೆ ನಲ್ಲಿ ತಿರುಗಿಸಿದಾಗ ಹೆಂಡತಿ ಬಚ್ಚಲ ಬಾಗಿಲಿಗೆ ಬಂದು ನಿಂತು, "ಚರ್ಮ ಕಿತ್ತು ಬರುತ್ತೆ, ಸಾಕು ಬನ್ನಿ" ಅಂದಳು. ಅವನು ಕೈಯನ್ನು ಅವಳ ಮೂಗಿನ ಹತ್ತಿರ ಹಿಡಿದ. ಅವಳು ಮೂಸಿ ನೋಡಿ, "ಸೋಪಿನ ವಾಸನೆ, ಇನ್ನೇನು?" ಎಂದು ಒಳಗೆ ಹೋದಳು. ಹಳಸಿದ ಬೆಳ್ಳುಳ್ಳಿಯಂಥ ಆ ವಾಸನೆ ಕೈಗೆ ಅಂಟುವಂಥದ್ದೇ ಅಲ್ಲ, ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಹೋಗುವಂಥದ್ದು ಎಂದು ಇಪ್ಪತ್ತೆರಡು ವರ್ಷ ಮದ್ದಿನ ಕೆಲಸ ಮಾಡಿದ ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ತೊಳೆದ. ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ರಾತ್ರಿಯಿಡೀ ಯಾರೋ ಬೈದು ಕಳಿಸಿದವನ ಮುಖದಂತಿತ್ತು. ಇವತ್ತು ಮಗಳು ಮತ್ತು ಅವಳ ಜೊತೆಯ ಹುಡುಗಿಯರು, ಹುಡುಗರು ಅವನು ಕೆಲಸ ಮಾಡುವ ಉಗ್ರಾಣ ನೋಡಲು ಬರುವವರಿದ್ದರು. ಅದಕ್ಕೆ ಯಾಕೆ ಹೆದರಬೇಕೆಂದು ಅವನಿಗೇ ತಿಳಿದಿರಲಿಲ್ಲ. ಹೆದರಿಕೆ ಮಾತ್ರ ಇತ್ತು.

ಅವನ ಕೆಲಸ ಧಾನ್ಯಕ್ಕೆ ಮದ್ದಿಡುವುದು. ಆಳೆತ್ತರದ ಮೇಲೆ ಆಳೆತ್ತರ ಪೇರಿಸಿದ ಗೋಧಿಯ, ಅಕ್ಕಿಯ ಮೂಟೆಗಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಳಗೆ ತಟ್ಟೆಗಳಲ್ಲಿ ಗುಳಿಗೆಗಳನ್ನಿಟ್ಟು, ಹಾಳೆಯ ಅಂಚು ನೆಲಕ್ಕೆ ಕಚ್ಚಿಕೊಳ್ಳುವ ಹಾಗೆ ಮರಳು ತುಂಬಿದ ಉದ್ದುದ್ದ ಚೀಲಗಳನ್ನು ಸುತ್ತ ಹೊಂದಿಸಿ ಬರುವುದು. ಗುಳಿಗೆ ಗಾಳಿಯ ತೇವ ಕುಡಿದು ಕಣ್ಣಿಗೆ ಕಾಣದ ಹೊಗೆಯಾಗುತ್ತದೆ. ಏಳು ದಿನ ಆ ಶೆಡ್ಡಿನ ಬಾಗಿಲಿನ ಸಂದುಗಳಿಗೆ ಕಾಗದ ಅಂಟಿಸಿ ಮುಚ್ಚಿರಬೇಕು. ಎಂಟನೆಯ ದಿನ ಹಾಳೆ ಸರಿಸಿದರೆ ಸತ್ತ ಹುಳು, ಹುಳುವಿನ ಮೊಟ್ಟೆ, ಕೆಲವು ಸಲ ಇಲಿ, ಒಮ್ಮೆ ಮೂರು ಮರಿಗಳ ಸಮೇತ ಒಂದು ಬೆಕ್ಕು. ಮೂಟೆ ಹೊರುವ ಹಮಾಲರು ಅವನನ್ನು ಮದ್ದಣ್ಣ ಎಂದು ಕರೆಯುತ್ತಿದ್ದರು. ಮ್ಯಾನೇಜರಿಗೆ ಅಣ್ಣ ಅನ್ನುವಷ್ಟೂ ಪುರುಸೊತ್ತಿಲ್ಲ, "ಏಯ್ ಮದ್ದು" ಅಷ್ಟೆ. ಮಗಳು ಚಿಕ್ಕವಳಿದ್ದಾಗ ಅವನು ಮನೆಗೆ ಬಂದ ಕೂಡಲೇ ಓಡಿ ಬಂದು ಕಾಲು ಅಪ್ಪಿಕೊಳ್ಳುತ್ತಿದ್ದಳು, ಹೆಂಡತಿ ಅರ್ಧ ದಾರಿಯಲ್ಲೇ ಅವಳನ್ನು ಎತ್ತಿಕೊಂಡು, "ಅಪ್ಪ ಸ್ನಾನ ಮಾಡ್ಲಿ ಮೊದಲು" ಎನ್ನುತ್ತಿದ್ದಳು. ಒಂದೆರಡು ವರ್ಷದಲ್ಲಿ ಮಗಳು ತಾನೇ ದೂರ ನಿಂತು ಕಾಯುವುದು ಕಲಿತಳು. ಶಾಲೆಯ ಅರ್ಜಿಯಲ್ಲಿ ತಂದೆಯ ಕೆಲಸ ಎಂಬ ಜಾಗದಲ್ಲಿ ಆ ಪುಟ್ಟ ಕೈ ದುಂಡಗೆ ಬರೆದಿತ್ತು: ಕಾಳು ಕಾಯುವುದು. ಅದನ್ನು ಓದಿ ಅವನಿಗೆ ಹೆಮ್ಮೆಯಾಯಿತು, ಹೆಮ್ಮೆಯ ಬೆನ್ನಿಗೇ ಕಳ್ಳನಂತೆ ಸಿಕ್ಕಿಬಿದ್ದ ಹಾಗೂ ಆಯಿತು. ಅವನು ತಿದ್ದಲಿಲ್ಲ.

ಈಗ ಅವಳು ಕಾಲೇಜಿನ ಮೊದಲ ವರ್ಷ. ಒಂದು ವರ್ಷದಿಂದ ಅವಳೂ ಅವಳ ಗೆಳತಿಯರೂ ಒಂದು ಗುಂಪು ಕಟ್ಟಿಕೊಂಡು ರಟ್ಟಿನ ದೊಡ್ಡದೊಂದು ಭೂಗೋಳ ಹೊತ್ತು ಸಂತೆ, ಬಸ್ ನಿಲ್ದಾಣ ಎಂದು ತಿರುಗುತ್ತಿದ್ದರು. ಲೋಕದಲ್ಲಿ ಎಷ್ಟು ಬೆಳೆಯುತ್ತೆ, ಎಷ್ಟು ಕೊಳೆಯುತ್ತೆ, ಯಾರು ಹಸಿದಿರ್ತಾರೆ, ಭೂಮಿ ಕಾದರೆ ಅನ್ನಕ್ಕೆ ಏನಾಗುತ್ತೆ ಎಂದು ನಿಂತವರನ್ನೂ ನಿಲ್ಲದವರನ್ನೂ ಹಿಡಿದು ಹೇಳುವುದು. ಮಗಳು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಮಾತು ಅಭ್ಯಾಸ ಮಾಡುವಾಗ ಅವನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ. "ಸೆಕೆ ಹೆಚ್ಚಾದಷ್ಟೂ ಹುಳಗಳು ಬೇಗ ಬೇಗ ಮರಿ ಮಾಡ್ತವೆ. ನಾವು ಕೊಡೋ ಮದ್ದು ಅವಕ್ಕೆ ಅಭ್ಯಾಸ ಆಗಿಹೋಗುತ್ತೆ" ಎಂದು ಅವಳು ಒಂದು ದಿನ ಹೇಳಿದಾಗ ಅವನು ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಇವಳಿಗೆ ಯಾರು ಹೇಳಿದರು? ಹೋದ ವರ್ಷ ಎಂಟನೆಯ ದಿನ ಹಾಳೆ ಸರಿಸಿದಾಗ ಮೂಟೆಯ ಮೇಲೆ ಒಂದೇ ಒಂದು ಹುಳು ನಡೆದು ಹೋಗುತ್ತಿತ್ತು. ಅವಸರವೇ ಇಲ್ಲದೆ, ಸಂಜೆ ವಾಕಿಂಗ್ ಹೊರಟ ಹಿರಿಯರ ಹಾಗೆ. ಅವನು ಸುತ್ತ ನೋಡಿ ಹೆಬ್ಬೆರಳಿನಿಂದ ಒರೆಸಿಬಿಟ್ಟ. ಮುಂದಿನ ಸಲದಿಂದ ತಟ್ಟೆಗೆ ಗುಳಿಗೆ ಹೆಚ್ಚಿಗೆ ಹಾಕತೊಡಗಿದ. ಯಾರಿಗೂ ಹೇಳಲಿಲ್ಲ. ಕನ್ನಡಿಯ ಮುಂದಿನ ಹುಡುಗಿ ಅದನ್ನೇ ಸಂತೆಯಲ್ಲಿ ನಿಂತು ಹೇಳಲಿದ್ದಳು, ಹೇಳುತ್ತಿರುವುದು ತನ್ನ ಅಪ್ಪನ ಗುಟ್ಟು ಎಂದು ತಿಳಿಯದೆ.

ಉಗ್ರಾಣಕ್ಕೆ ಹೋಗಿ ಸೈಕಲ್ ನಿಲ್ಲಿಸುವಷ್ಟರಲ್ಲಿ ಮ್ಯಾನೇಜರು ನಾಲ್ಕನೇ ಶೆಡ್ಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಬಾಗಿಲಿಗೆ ತೂಗುಹಾಕಿದ್ದ ಕೆಂಪು ಬೋರ್ಡಿನ ತಲೆಬುರುಡೆಯನ್ನು ತೋರಿಸಿ, "ಏನಯ್ಯಾ ಇದು? ಮಕ್ಕಳು ಬರೋ ದಿನ ಇದನ್ನ ತೋರಿಸ್ತೀಯಾ? ಪತ್ರಿಕೆಯವರೂ ಜೊತೇಲಿ ಬರಬಹುದು. ಬಿಚ್ಚಿಡು" ಅಂದರು.

"ಸಾರ್, ನಿನ್ನೆ ಮಧ್ಯಾಹ್ನ ತಾನೇ ಮದ್ದಿಟ್ಟಿದ್ದು. ಇವತ್ತು ಒಳಗೆ ಜೋರಾಗಿರುತ್ತೆ."

"ಬೀಗ ಇದೆಯಲ್ಲ? ಬೀಗ ಮುರಿದು ಒಳಗೆ ಹೋಗ್ತಾರಾ? ಆ ನೆಂದಿರೋ ಗೋಧಿ ಅವರ ಕಣ್ಣಿಗೆ ಬಿದ್ರೆ ನನ್ನ ತಲೆಬುರುಡೆ ತೂಗುಹಾಕ್ತಾರೆ ಇಲ್ಲಿ." ತಮ್ಮ ಮಾತಿಗೆ ತಾವೇ ನಕ್ಕರು. "ಯಾರಾದ್ರೂ ಕೇಳಿದ್ರೆ ಖಾಲಿ ಅನ್ನು. ತಿಳೀತಾ?"

ಮಳೆಗಾಲದಲ್ಲಿ ಮಾಡು ಸೋರಿ ನಾಲ್ಕನೇ ಶೆಡ್ಡಿನ ಅರ್ಧದಷ್ಟು ಗೋಧಿ ನೆನೆದು, ಮುಗ್ಗಿ, ಹುಳು ಹಿಡಿದಿತ್ತು. ಅದು ಸುದ್ದಿಯಾಗದ ಹಾಗೆ ಮದ್ದು ಹಾಕಿ, ಒಣಗಿಸಿ, ಒಳ್ಳೆಯದರ ಜೊತೆ ಬೆರೆಸುವುದೆಂದು ತೀರ್ಮಾನವಾಗಿತ್ತು. ಬೀಗ ಇದ್ದದ್ದು ಮುಂಬಾಗಿಲಿಗೆ. ಹಿಂಭಾಗದ ಕಿರುಬಾಗಿಲಿಗೆ ಬರೀ ಚಿಲಕ, ಅದರ ಮೇಲೆ ಅವನು ಅಂಟಿಸಿದ ಕಾಗದ. ಹಿಂದಿನ ಬಾಗಿಲಿಗೆ ಬೀಗ ಇಲ್ಲ ಸಾರ್ ಎಂಬ ಮಾತು ಗಂಟಲ ತನಕ ಬಂತು. ಮ್ಯಾನೇಜರು ಆಗಲೇ ಬೆನ್ನು ತಿರುಗಿಸಿದ್ದರು. ಬೆನ್ನಿಗೆ ಮಾತಾಡುವುದು ಅವನಿಗೆ ಯಾವತ್ತೂ ಆಗುತ್ತಿರಲಿಲ್ಲ, ಮುಖಕ್ಕೆ ಮಾತಾಡುವುದೂ ಅಷ್ಟಕ್ಕಷ್ಟೆ. ಬೋರ್ಡನ್ನು ಬಿಚ್ಚಿ ಗೋಡೆಗೆ ಮುಖ ಮಾಡಿ ಒರಗಿಸಿದ.

ಹನ್ನೊಂದು ಗಂಟೆಗೆ ಬಸ್ಸು ಬಂತು. ಮೂವತ್ತೊಂದು ಜನ, ಮುಂದೆ ಅವರ ಮೇಡಂ. ಮಗಳು ಇಳಿದವಳೇ ಕೈಯೆತ್ತಿ, "ನಮ್ಮಪ್ಪ" ಎಂದು ಗೆಳತಿಯರಿಗೆ ತೋರಿಸಿದಳು. ಅವನು ನಕ್ಕ. ಎಲ್ಲರೂ ತನ್ನ ಕೈ ನೋಡುತ್ತಿದ್ದಾರೆ ಅನ್ನಿಸಿ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ಮ್ಯಾನೇಜರು ಒಂದನೇ ಶೆಡ್ಡಿನಲ್ಲಿ ಮೂಟೆಗಳ ಮುಂದೆ ನಿಂತು ದೇಶಕ್ಕೆ ಅನ್ನ ಹಾಕುವವರು ತಾವೇ ಎಂಬಂತೆ ಭಾಷಣ ಮಾಡಿದರು. ಹುಡುಗರು ಫೋಟೋ ತೆಗೆದರು. ಎಲ್ಲರಿಗಿಂತ ಹಿಂದೆ ಒಬ್ಬಳು ಕಡ್ಡಿಯಂಥ ಹುಡುಗಿ ಫೋಟೋ ತೆಗೆಯದೆ ಒಂದು ಪುಸ್ತಕದಲ್ಲಿ ಗೀಚುತ್ತಿದ್ದಳು. ಅವಳ ಹೆಸರು ಮಗಳ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು, ಹೆಸರಲ್ಲ, ಅಡ್ಡಹೆಸರು: ಪೆನ್ಸಿಲ್. ಪೆನ್ಸಿಲ್ ಹಾಗಂದ್ಲು, ಪೆನ್ಸಿಲ್ ಹೀಗಂದ್ಲು, ಪೆನ್ಸಿಲ್ ಮೇಡಂಗೇ ತಪ್ಪು ತೋರಿಸಿದ್ಲು. ಶೆಡ್ಡಿನಿಂದ ಶೆಡ್ಡಿಗೆ ಹೋಗುವಾಗ ಅವಳು ನಾಲ್ಕನೆಯದರ ಮುಂದೆ ನಿಂತುಬಿಟ್ಟಳು.

"ಅಂಕಲ್, ಇದರಲ್ಲೇನಿದೆ?"

ಮಗಳು ಅವಳ ಪಕ್ಕದಲ್ಲೇ ಇದ್ದಳು. ಅವನು ಬಾಗಿಲನ್ನು ನೋಡಿದ, ಮೊದಲ ಸಲ ನೋಡುವವನ ಹಾಗೆ.

"ಏನಿಲ್ಲಮ್ಮಾ. ಖಾಲಿ."

"ಖಾಲಿ ಶೆಡ್ಡಿನ ಬಾಗಿಲಿಗೆ ಸುತ್ತ ಕಾಗದ ಯಾಕೆ ಅಂಟಿಸಿದೀರಿ?"

"ಧೂಳು ಬರುತ್ತೆ. ಅದಕ್ಕೆ."

ಪೆನ್ಸಿಲ್ ಅವನ ಮುಖವನ್ನು ನೋಡಿದಳು. ಅಗೌರವವೇನೂ ಇರಲಿಲ್ಲ ಆ ನೋಟದಲ್ಲಿ. ಲೆಕ್ಕ ತಪ್ಪಿದ್ದು ಗೊತ್ತಾಗಿಯೂ ಎದುರಿನವರು ತಾವಾಗಿ ತಿದ್ದಿಕೊಳ್ಳಲಿ ಎಂದು ಕಾಯುವ ಹಾಗೆ ಒಂದು ಗಳಿಗೆ ನಿಂತು, ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದೆ ಹೋದಳು. ಮಗಳು ಮಾತ್ರ ಹೋಗಲಿಲ್ಲ. ಅವನ ಅಂಗಿಯ ತೋಳಿನ ಮೇಲೆ ನಿನ್ನೆಯ ಅಂಟು ಒಣಗಿ ಬಿಳಿಯಾಗಿ ಕೂತಿತ್ತು, ಅದನ್ನು ನೋಡಿದಳು. ಆಮೇಲೆ ಕಣ್ಣು ತಗ್ಗಿಸಿ ಅವಳೂ ಹೋದಳು. ಅವನಿಗೆ ಕರೆದು ಹೇಳಬೇಕೆನ್ನಿಸಿತು, ಇಬ್ಬರನ್ನೂ ಕರೆದು, ಒಳಗೆ ಮದ್ದಿದೆ ಕಣಮ್ಮಾ, ಹತ್ತಿರ ಹೋಗಬೇಡಿ ಎಂದು. ಐದೇ ಮಾತು. ದೂರದಿಂದ ಮ್ಯಾನೇಜರು ಇವನತ್ತ ನೋಡುತ್ತಿದ್ದರು. ಅವನು ತೋಳಿನ ಅಂಟನ್ನು ಉಗುರಿನಿಂದ ಕೆರೆಯುತ್ತ ಅಲ್ಲೇ ನಿಂತ.

ಕಚೇರಿಯ ಮುಂದೆ ಮಕ್ಕಳಿಗೆ ಹಣ್ಣಿನ ರಸ ಕೊಟ್ಟರು. ಲೋಟ ಹಂಚುವ ಕೆಲಸ ಅವನಿಗೇ ಬಂತು. ಲೋಟ ಕೊಡುವಾಗ ಒಬ್ಬೊಬ್ಬರ ಮುಖ ನೋಡುತ್ತಿದ್ದ, ಎಲ್ಲ ಮುಖಗಳೂ ಎಷ್ಟು ನಯವಾಗಿದ್ದವೆಂದರೆ ಅವನಿಗೆ ಯಾಕೋ ನೋಡಲಾಗಲಿಲ್ಲ. ಕೊನೆಗೆ ತಟ್ಟೆಯಲ್ಲಿ ಒಂದು ಲೋಟ ಉಳಿಯಿತು. ಹೆಚ್ಚಿಗೆ ತುಂಬಿದೆನೇನೋ ಅಂದುಕೊಂಡ. ಅಷ್ಟರಲ್ಲಿ ಮೇಡಂ ಎಣಿಸತೊಡಗಿದರು. ಎಣಿಸಿ ನಿಂತರು. ಮತ್ತೆ ಎಣಿಸಿದರು. "ಮೂವತ್ತೇ ಆಗ್ತಿದೆಯಲ್ಲ?"

ಅವನ ಕಣ್ಣು ಮೊದಲು ಹುಡುಕಿದ್ದು ಮಗಳನ್ನು. ಅವಳು ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದಳು. ಸದ್ಯ, ಅಂದಿತು ಮನಸ್ಸು. ಅಷ್ಟು ಸ್ಪಷ್ಟವಾಗಿ, ಅಷ್ಟು ಸಮಾಧಾನವಾಗಿ ಸದ್ಯ ಅಂದಿತು, ಬೇರೆ ಯಾರಾದರೂ ಆಗಲಿ ಎಂದು ಅನುಮತಿ ಕೊಟ್ಟ ಹಾಗೆ. ಆ ಒಂದು ಮಾತು ಅವನನ್ನು ಮುಂದೆ ಎಷ್ಟು ದಿನ ಕಾಡಿತು ಎಂಬುದು ಬೇರೆಯೇ. ಆಗ ಅದಕ್ಕೂ ಸಮಯ ಇರಲಿಲ್ಲ. "ಪೆನ್ಸಿಲ್ ಎಲ್ಲಿ?" ಎಂದು ಯಾರೋ ಕೇಳಿದರು. "ಬಾತ್‌ರೂಮಿಗೆ ಹೋಗಿರ್ಬೇಕು" ಎಂದರು ಇನ್ಯಾರೋ. ಅವನು ತಟ್ಟೆಯನ್ನು ನೆಲಕ್ಕಿಟ್ಟ. ನಡೆದ. ಮ್ಯಾನೇಜರಿಗೆ ಕಾಣುವ ತನಕ ನಡೆದೇ ಹೋದ, ಶೆಡ್ಡಿನ ಮೂಲೆ ತಿರುಗಿದ ಮೇಲೆ ಓಡಿದ. ಜೀವಕ್ಕೆ ಕುತ್ತು ಬಂದಿರುವಾಗಲೂ ತಾನು ಮ್ಯಾನೇಜರ ಕಣ್ಣ ಮುಂದೆ ಓಡಲಿಲ್ಲ ಎಂಬುದು ಓಡುವಾಗಲೇ ಅವನಿಗೆ ಗೊತ್ತಾಯಿತು.

ಹಿಂಭಾಗದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಹುಲ್ಲು ತುಳಿದ ಗುರುತು ಹೊಸದು. ಕಿರುಬಾಗಿಲಿಗೆ ಅಂಟಿಸಿದ್ದ ಕಾಗದ ಮೇಲಿನಿಂದ ಕೆಳಗಿನ ತನಕ ಹರಿದು ಗಾಳಿಗೆ ಅಲ್ಲಾಡುತ್ತಿತ್ತು, ಚಿಲಕ ಸರಿದಿತ್ತು. ಬಾಗಿಲ ಸಂದಿನಿಂದ ಆ ವಾಸನೆ, ಈ ಸಲ ಕೈಯದಲ್ಲ, ನಿಜವಾದದ್ದು. ಅವನಿಗೆ ಕೆಲಸ ಕಲಿಸಿದ ಮುದುಕ ಇದ್ದಕ್ಕಿದ್ದಂತೆ ನೆನಪಾದ. ಬಾಗಿಲು ಮುಚ್ಚುವ ಮೊದಲು ಆತ ಕತ್ತಲೆಗೆ ಮುಖ ಮಾಡಿ ಮೂರು ಸಲ, ಯಾರಿದೀರಪ್ಪಾ ಒಳಗೆ, ಯಾರಾದ್ರೂ ಇದ್ರೆ ಬಂದುಬಿಡಿ, ಎಂದು ಕೂಗುತ್ತಿದ್ದ, ಮೂಟೆಗಳಿಗೇ ಮರ್ಯಾದೆ ಕೊಟ್ಟು ಮಾತಾಡುತ್ತಾನೆ ಎಂದು ಹಮಾಲರು ನಗುತ್ತಿದ್ದರು. ಮುದುಕ ಹೋದ ಮೇಲೆ ಇವನು ನಾಚಿಕೆಪಟ್ಟುಕೊಂಡು ಕೂಗುವುದನ್ನು ಬಿಟ್ಟಿದ್ದ. ಈಗ ಕೂಗಲು ಬಾಯಿ ತೆರೆದ. ಸ್ವರ ಬರಲಿಲ್ಲ. ಮುಖಕ್ಕೆ ಹಾಕುವ ಮಾಸ್ಕು ಕಚೇರಿಯ ಬೀರುವಿನಲ್ಲಿತ್ತು, ಬೀರುವಿನ ಕೀಲಿ ಮ್ಯಾನೇಜರ ಜೇಬಿನಲ್ಲಿ, ಮಾಸ್ಕಿನ ಅವಧಿ ಮುಗಿದು ಎರಡು ವರ್ಷ. ಹೋಗಿ ಬರಲು ಆರು ನಿಮಿಷ ಬೇಕು. ಆರು ನಿಮಿಷದಲ್ಲಿ ಏನಾಗುತ್ತದೆ ಎಂದು ಈ ಜಾಗದಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಆಗ ಅವನ ಕಾಲುಗಳು ಚಲಿಸಿದವು. ಒಳಕ್ಕಲ್ಲ, ಹಿಂದಕ್ಕೆ. ಒಂದು ಹೆಜ್ಜೆ, ಎರಡು, ಮೂರು. ಹುಲ್ಲಿನಲ್ಲಿ ನಿಂತು ಅವನು ಬಾಗಿಲನ್ನು ನೋಡಿದ, ಬಾಗಿಲು ಅವನನ್ನು ನೋಡಿತು. ಒಳಗಿನಿಂದ ಸಣ್ಣಗೆ ಯಾರೋ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸದೆ ಇದ್ದಿದ್ದರೆ ತಾನು ಏನು ಮಾಡುತ್ತಿದ್ದೆ ಎಂಬುದು ಅವನಿಗೆ ಕೊನೆಯ ತನಕ ಗೊತ್ತಾಗಲಿಲ್ಲ.

ಉಸಿರು ಬಿಗಿಹಿಡಿದು ನುಗ್ಗಿದ. ಮಾಡಿನ ಗಾಜಿನ ಹಂಚಿನಿಂದ ಬೀಳುವ ಒಂದೇ ಒಂದು ಬೆಳಕಿನ ಕೋಲು ಬಿಟ್ಟರೆ ಉಳಿದದ್ದೆಲ್ಲ ಮಬ್ಬು. ಹಾಳೆ ಹೊದ್ದ ರಾಶಿಗಳು ಎರಡೂ ಕಡೆ ಮಲಗಿದ ದೊಡ್ಡ ಪ್ರಾಣಿಗಳ ಹಾಗೆ, ನಡುವೆ ಒಬ್ಬರು ಹೋಗುವಷ್ಟು ದಾರಿ. ಕಣ್ಣು ಉರಿಯತೊಡಗಿತು. ಇಷ್ಟು ವರ್ಷ ತಾನೇ ಪೇರಿಸಿ, ಹೊದಿಸಿ, ಮುಚ್ಚಿ ಬಂದ ಜಾಗ ಇಷ್ಟು ಉದ್ದ ಎಂದು ಅವನಿಗೆ ತಿಳಿದಿರಲಿಲ್ಲ. ಕೊನೆಯಲ್ಲಿ ನೆಲದ ಮೇಲೆ ಒಂದು ಮೊಬೈಲಿನ ಟಾರ್ಚು ಮಾಡನ್ನು ನೋಡುತ್ತ ಉರಿಯುತ್ತಿತ್ತು. ಅವಳು ಮರಳಿನ ಚೀಲವೊಂದನ್ನು ಸರಿಸಿ, ಹಾಳೆಯ ತುದಿ ಎತ್ತಿ ಒಳಗಿನ ಕಪ್ಪು ಗೋಧಿಯ ಫೋಟೋ ತೆಗೆದಿದ್ದಳು. ಈಗ ಮೂಟೆಗೆ ಒರಗಿ ಕಾಲು ಚಾಚಿ ಕೂತಿದ್ದಳು, ಅಂಗಿಯ ಮುಂಭಾಗವೆಲ್ಲ ವಾಂತಿ. ಅವನನ್ನು ಕಂಡು, "ಅಂಕಲ್, ಖಾಲಿ ಇಲ್ಲ" ಅಂದಳು. ದೂರಿನ ಧ್ವನಿಯಲ್ಲ, ತಿಳಿಸುವ ಧ್ವನಿ. ಆಮೇಲೆ ಕತ್ತು ವಾಲಿತು. ಅವಳನ್ನು ಹೆಗಲಿಗೆ ಹಾಕಿಕೊಂಡಾಗ ಏನೂ ಭಾರವಿರಲಿಲ್ಲ. ಅರ್ಧ ದಾರಿಯಲ್ಲಿ ಅವನ ಉಸಿರು ಮುಗಿಯಿತು. ಒಂದು ಸಲ ಎಳೆದುಕೊಂಡ. ಎದೆಯೊಳಗೆ ಬಿಸಿ ಮರಳು ಸುರಿದ ಹಾಗಾಯಿತು. ಇನ್ನೊಂದು ಸಲ ಎಳೆದುಕೊಳ್ಳುವ ಮೊದಲು ಹುಲ್ಲು ಕಾಲಿಗೆ ತಾಗಿತು.

ಮರದ ನೆರಳಿಗೆ ಅವಳನ್ನು ಇಳಿಸುವಾಗ ಮೊದಲು ಓಡಿ ಬಂದದ್ದು ಮ್ಯಾನೇಜರು. ಹರಿದ ಕಾಗದ, ತೆರೆದ ಬಾಗಿಲು, ಹುಡುಗಿ, ಅವನು, ನಾಲ್ಕನ್ನೂ ಒಂದೇ ಸಲ ನೋಡಿ ಅವರ ಮುಖದ ಬಣ್ಣ ಹೋಯಿತು. ಮೊದಲು ಮಾಡಿದ್ದು ಬಾಗಿಲು ಎಳೆದು ಚಿಲಕ ಹಾಕಿದ್ದು. ಮೇಡಂ ಬರುವಷ್ಟರಲ್ಲಿ, "ಬಿಸಿಲು ನೋಡಿ, ತಲೆ ತಿರುಗಿ ಬಿದ್ದುಬಿಟ್ಟಿದ್ದಾಳೆ ಮಗು. ಕಾರು ತೆಗೀತೀನಿ, ಹತ್ತಿ ಹತ್ತಿ" ಎಂದರು. ಕಾರಿನ ಹಿಂದಿನ ಸೀಟಿನಲ್ಲಿ ಮೇಡಂ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು, ಮಗಳು ಕೇಳದೆಯೇ ಅವಳ ಕಾಲ ಬಳಿ ತೂರಿಕೊಂಡಳು. ಅವನು ಮುಂದೆ ಕೂತ. ದಾರಿಯುದ್ದಕ್ಕೂ ಮ್ಯಾನೇಜರು ಬಿಸಿಲಿನ ವಿಷಯ ಮಾತಾಡಿದರು. ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ಭೂಮಿಯೇ ಕಾದುಹೋಗಿದೆ, ನಿಮ್ಮ ಮಕ್ಕಳು ಹೇಳೋದು ಸರಿಯೇ ಮೇಡಂ. ಅವನು ಕನ್ನಡಿಯಲ್ಲಿ ಮಗಳ ಅರ್ಧ ಮುಖ ಕಾಣುತ್ತಿದ್ದುದನ್ನು ನೋಡದೆ ಇರಲು ಪ್ರಯತ್ನಿಸುತ್ತಿದ್ದ.

ಆಸ್ಪತ್ರೆಯಲ್ಲಿ ಹುಡುಗಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಮ್ಯಾನೇಜರು ಅವನನ್ನು ಕುಡಿಯುವ ನೀರಿನ ನಲ್ಲಿಯ ಹತ್ತಿರ ಎಳೆದುಕೊಂಡು ಹೋದರು. ಇಷ್ಟು ವರ್ಷದಲ್ಲಿ ಮೊದಲ ಸಲ ಹೆಗಲ ಮೇಲೆ ಕೈಯಿಟ್ಟರು. "ನೋಡಪ್ಪಾ, ಬಿಸಿಲಿಗೆ ಬಿದ್ದಳು ಅಂತ ಡಾಕ್ಟರಿಗೆ ಹೇಳಿದೀನಿ. ಎಚ್ಚರ ಬಂದಿದೆ, ಕಣ್ಣು ಬಿಟ್ಟಿದಾಳೆ. ಒಂದು ಬಾಟ್ಲು ಹಾಕಿ ಸಂಜೆ ಕಳಿಸ್ತಾರಂತೆ. ಮುಗೀತು. ಯಾಕೆ ದೊಡ್ಡದು ಮಾಡೋದು?" ಹೆಗಲ ಮೇಲಿನ ಕೈ ಸ್ವಲ್ಪ ಭಾರವಾಯಿತು. "ದೊಡ್ಡದಾದ್ರೆ ಕೇಳೋದು ಯಾರನ್ನ? ಮದ್ದಿಟ್ಟೋನು ಯಾರು? ನೀನು. ರಿಜಿಸ್ಟರಿನಲ್ಲಿ ಸಹಿ ಯಾರದ್ದು? ಬೋರ್ಡು ಬಿಚ್ಚಿದ್ದು ಯಾರ ಕೈ? ನಾನು ಬಿಚ್ಚಿದ್ನಾ?" ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ನಲ್ಲಿಗೆ ಬಾಯಿ ಹಚ್ಚಿ ನೀರು ಕುಡಿದ.

ಸಂಜೆ ಕಳಿಸುತ್ತಾರೆ. ಕಾರಿಡಾರಿನ ಗೋಡೆಗೆ ಒರಗಿ ಅವನು ಅದನ್ನೇ ಹೇಳಿಕೊಂಡ. ಸಂಜೆ ಕಳಿಸುತ್ತಾರೆ, ಅವಳು ಮನೆಗೆ ಹೋಗುತ್ತಾಳೆ, ಊಟ ಮಾಡಿ ಮಲಗುತ್ತಾಳೆ. ಹಾಗೆಯೇ ಮನೆಗೆ ಹೋಗಿದ್ದ ಆ ಹಮಾಲ, ಒಂಬತ್ತೋ ಹತ್ತೋ ವರ್ಷದ ಹಿಂದೆ. ಎರಡನೇ ಶೆಡ್ಡಿನಲ್ಲಿ ಅವಧಿಗೆ ಮೊದಲೇ ಹಾಳೆ ತೆಗೆಸಿದ್ದರು, ಲಾರಿ ಕಾಯುತ್ತಿತ್ತು. ಮೂಟೆ ಹೊತ್ತವನಿಗೆ ತಲೆ ನೋವು, ಎರಡು ಸಲ ವಾಂತಿ, ಆಮೇಲೆ ಎಲ್ಲ ಸರಿಯಾಯಿತು. ಬೀಡಿ ಹಚ್ಚಿಕೊಂಡು, ಮದ್ದಣ್ಣಾ ನಿನ್ನ ಮದ್ದು ನನ್ನ ಹೊಟ್ಟೆಹುಳಕ್ಕೂ ಆಯ್ತು ಬಿಡು, ಎಂದು ನಗಿಸಿ ಮನೆಗೆ ಹೋದ. ಮಾರನೆಯ ದಿನ ಮಧ್ಯಾಹ್ನದೊಳಗೆ ಎದೆಯಲ್ಲಿ ನೀರು ತುಂಬಿಕೊಂಡು ಹೋಗಿಬಿಟ್ಟ. ಕಾಗದದಲ್ಲಿ ಹೃದಯದ ತೊಂದರೆ ಎಂದು ಬರೆದು ಸಾಕ್ಷಿಗೆ ಇವನ ಸಹಿ ಹಾಕಿಸಿದರು. ಇವನು ಹಾಕಿದ. ಪೆನ್ನು ಬರೆಯದೆ ಎರಡು ಸಲ ಕೊಡವಬೇಕಾಯಿತು, ಅದೂ ನೆನಪಿದೆ. ಮಧ್ಯಾಹ್ನದ ಬಿಸಿಲು ಕಾರಿಡಾರಿನ ಅರ್ಧಕ್ಕೆ ಬಂದು ನಿಂತಿತ್ತು. ಮಗಳು ಯಾವಾಗ ಹತ್ತಿರ ಬಂದಳೋ, "ಅಪ್ಪಾ, ಅವಳು ಒಳಗಿದ್ಳಾ?" ಎಂದು ಕೇಳಿದಳು. ತುಂಬ ಸಣ್ಣ ದನಿಯಲ್ಲಿ. ಅವನು ವಾರ್ಡಿನ ಬಾಗಿಲ ಕಡೆ ತಿರುಗಿದ. ಚಿಕ್ಕವಳಿದ್ದಾಗ ಅವನು ಸ್ನಾನ ಮುಗಿಸಿ ಬರಲೆಂದು ಕಾಯುತ್ತಿದ್ದಷ್ಟೇ ದೂರದಲ್ಲಿ ನಿಂತಿದ್ದಳು.

ವಾರ್ಡಿನ ಬಾಗಿಲು ತೆರೆದು ಡಾಕ್ಟರಮ್ಮ ಹೊರಗೆ ಬಂದರು. ಚಿಕ್ಕ ವಯಸ್ಸು, ಸುಸ್ತಾದ ಕಣ್ಣು. ಮೇಡಂ ಕಡೆ ನೋಡಿ, "ಗಾಬರಿ ಏನಿಲ್ಲ. ಬಿಸಿಲಿಗೆ ಹೀಗಾಗುತ್ತೆ. ನಾಲ್ಕು ಗಂಟೆ ಮೇಲೆ ಕರ್ಕೊಂಡು ಹೋಗಬಹುದು" ಎಂದು ಚೀಟಿ ಬರೆಯತೊಡಗಿದರು. ಅವನು ಆ ಪೆನ್ನನ್ನು ನೋಡಿದ. ಚೆನ್ನಾಗಿ ಬರೆಯುತ್ತಿತ್ತು.

"ಬಿಸಿಲಲ್ಲ ಡಾಕ್ಟ್ರೇ."

ತನ್ನ ಸ್ವರ ಅವನಿಗೇ ಗುರುತು ಸಿಗಲಿಲ್ಲ, ಒಡೆದ ತಗಡಿನ ಹಾಗಿತ್ತು. ಮ್ಯಾನೇಜರು, "ಏಯ್" ಅಂದರು.

"ಗೋದಾಮಿನ ಮದ್ದು. ಗುಳಿಗೆ. ನಿನ್ನೆ ಇಟ್ಟಿದ್ದೆ. ಅವಳು ಒಳಗಿದ್ಳು, ಹತ್ತು ನಿಮಿಷನೋ ಹದಿನೈದೋ. ಮನೆಗೆ ಕಳಿಸಬೇಡಿ. ಇವತ್ತು ಚೆನ್ನಾಗಿರ್ತಾರೆ, ನಾಳೆ ಎದೇಲಿ ನೀರು ಬರುತ್ತೆ."

ಡಾಕ್ಟರಮ್ಮನ ಪೆನ್ನು ನಿಂತಿತು. ಗುಳಿಗೆಯ ಹೆಸರು ಕೇಳಿದರು, ಹೇಳಿದ. ಅರ್ಧ ಬರೆದ ಚೀಟಿಯನ್ನು ಹರಿದು ಒಳಗೆ ಓಡಿದರು. ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಮಂಚದ ಗಾಲಿಗಳ ಸದ್ದು, ಆಮ್ಲಜನಕದ ಸಿಲಿಂಡರು, ಅವನನ್ನೂ ಕೂರಿಸಿ ಎದೆಗೆ ಸ್ಟೆತಾಸ್ಕೋಪು ಹಿಡಿದು ಒಂದು ನಳಿಕೆ ಮೂಗಿಗೆ ಸಿಕ್ಕಿಸಿದರು. ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಮತ್ತೆ ಬಂದರು. "ಇದಕ್ಕೆ ಪ್ರತಿಮದ್ದು ಅಂತ ಇಲ್ಲ. ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು. ಆದ್ರೆ ಉಸಿರು ಸರಿಯಾಗಿದೆ, ರಕ್ತದ ಒತ್ತಡ ಸ್ಥಿರವಾಗಿದೆ. ಬದುಕ್ತಾಳೆ ಅಂತ ಧೈರ್ಯವಾಗಿ ಹೇಳ್ತೀನಿ. ಮನೆಗೆ ಕಳಿಸಿದ್ರೆ ಹೇಳ್ತಿರಲಿಲ್ಲ." ಮೇಡಂ ಅಳತೊಡಗಿದರು. ಅವನಿಗೆ ಅಳು ಬರಲಿಲ್ಲ. ನಳಿಕೆಯಿಂದ ಬರುವ ಗಾಳಿಗೆ ಯಾವ ವಾಸನೆಯೂ ಇರಲಿಲ್ಲ.

ಮ್ಯಾನೇಜರು ಆ ಹೊತ್ತಿಗೆ ಫೋನು ಹಿಡಿದು ಹೊರಗೆ ಹೋಗಿ ಬಂದಿದ್ದರು. ಬಂದವರು ಬೇರೆಯೇ ಮನುಷ್ಯ. ಎಲ್ಲರಿಗೂ ಕೇಳುವ ಹಾಗೆ ಹೇಳತೊಡಗಿದರು. "ನಮ್ಮ ಸಿಬ್ಬಂದಿ ಮೇಡಂ ಇವನು. ಪ್ರಾಣದ ಹಂಗು ತೊರೆದು ಒಳಗೆ ನುಗ್ಗಿದಾನೆ, ಮಾಸ್ಕೂ ಇಲ್ಲದೆ. ಬಾಗಿಲಿಗೆ ಅಷ್ಟು ದೊಡ್ಡ ಬೋರ್ಡಿದೆ, ಅಪಾಯ ಅಂತ. ಈಗಲೂ ಇದೆ, ಬೇಕಾದ್ರೆ ಯಾರನ್ನಾದ್ರೂ ಕಳಿಸಿ ನೋಡ್ಕೊಳ್ಳಿ. ಮಕ್ಕಳು ಹುಡುಗಾಟ, ಏನ್ಮಾಡೋದು." ಫೋನು ಉಗ್ರಾಣಕ್ಕೇ ಹೋಗಿತ್ತೆಂದು, ಬೋರ್ಡು ಮತ್ತೆ ಬಾಗಿಲಿಗೇರಿದೆ ಎಂದು ಅವನಿಗೆ ಅರ್ಥವಾಯಿತು. ಈ ಹೊಗಳಿಕೆ ತನಗಾಗಿ ಹೊಲಿಸಿದ ಹೊಸ ಅಂಗಿ ಎಂದೂ ಅರ್ಥವಾಯಿತು. ತೊಟ್ಟರಾಯಿತು. ಕೆಲಸ ಉಳಿಯುತ್ತದೆ, ಪತ್ರಿಕೆಯಲ್ಲಿ ಹೆಸರೂ ಬಂದೀತು. ನಿಜ ಹೇಳಬೇಕೆಂದರೆ ಅದರಲ್ಲೂ ಅರ್ಧ ನಿಜವೇ, ನುಗ್ಗಿದ್ದು ಹೌದಲ್ಲ. ಆ ಮೂರು ಹೆಜ್ಜೆಯನ್ನು ನೋಡಿದವರು ಯಾರೂ ಇರಲಿಲ್ಲ.

ಪೆನ್ಸಿಲಿನ ಅಮ್ಮ ಬಂದಾಗ ಮೂರೂವರೆ. ಹೊಲಿಗೆ ಅಂಗಡಿಯವಳು, ಅಳತೆಯ ಟೇಪು ಕೊರಳಲ್ಲೇ ನೇತಾಡುತ್ತಿತ್ತು. ಒಳಗೆ ಹೋಗಿ ಮಗಳನ್ನು ನೋಡಿ ಹೊರಗೆ ಬಂದಳು. ಮ್ಯಾನೇಜರು ಅವಳಿಗೂ ಅದೇ ಕಥೆ ಹೇಳಿದರು. ಅವಳು ಕೇಳುತ್ತ ಕೇಳುತ್ತ ಅವನತ್ತ ನಡೆದು ಬಂದಳು. ನೆಲಕ್ಕೆ ಕೂತು ಅವನ ಎರಡೂ ಕೈ ಹಿಡಿದುಕೊಂಡಳು. ಯಾರೂ ಮುಟ್ಟದ ಆ ಕೈಗಳನ್ನು ಹಣೆಗೆ ಒತ್ತಿಕೊಂಡಳು. "ಅಣ್ಣಾ, ನಿಮಗೂ ಮಕ್ಕಳಿದಾರೆ, ಆದ್ರೂ ಒಳಗೆ ಹೋದ್ರಲ್ಲ. ನಿಮ್ಮ ಋಣ ಹೇಗೆ ತೀರಿಸ್ಲಿ? ನನ್ನ ಮಗಳದ್ದೇ ತಲೆಹರಟೆ. ಊರಿಗೆಲ್ಲ ಬುದ್ಧಿ ಹೇಳ್ತಾಳೆ, ಒಂದು ಬೋರ್ಡು ಓದೋಕೆ ಬರಲ್ವಾ ಅವಳಿಗೆ? ಎದ್ದು ಕೂರಲಿ, ಎರಡು ಬಿಗೀತೀನಿ. ಇವತ್ತಿಂದ ಆ ಗುಂಪೂ ಬೇಡ, ಭೂಗೋಳಾನೂ ಬೇಡ."

ಅವನು ತಲೆಯೆತ್ತಿದ. ಮಗಳು ಎದುರಿನ ಗೋಡೆಯ ಹತ್ತಿರ ನಿಂತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇರಲಿಲ್ಲ, ಏನೋ ಒಂದು ಮುರಿದು ಬೀಳುವುದನ್ನು ನೋಡುತ್ತ ನಿಂತವರ ಹೆದರಿಕೆ ಇತ್ತು, ಅವನದೇ ಹೆದರಿಕೆ, ಹದಿನೇಳು ವರ್ಷದ ಮುಖದಲ್ಲಿ. ಅವನು ಬಾಯಿ ತೆರೆದು ಏನೋ ಅಂದ. ಸುಟ್ಟ ಗಂಟಲಿನಿಂದ ಗಾಳಿ ಮಾತ್ರ ಬಂತು.

"ಏನಂದ್ರಿ ಅಣ್ಣಾ? ಕೇಳಿಸ್ಲಿಲ್ಲ."

"ಅವನಿಗೆ ಮಾತಾಡೋಕೆ ಆಗಲ್ಲಮ್ಮಾ, ಗಂಟಲು ಕೆಟ್ಟಿದೆ, ಬಿಟ್ಬಿಡಿ" ಎಂದರು ಮ್ಯಾನೇಜರು.

ಅವನು ಮೂಗಿನ ನಳಿಕೆ ಕಿತ್ತ. "ಬೋರ್ಡು ಇರಲಿಲ್ಲ ಅಕ್ಕಾ" ಅಂದ. ಈ ಸಲ ಕಾರಿಡಾರಿನ ಆ ತುದಿಯಲ್ಲಿದ್ದ ನರ್ಸು ಕೂಡ ತಿರುಗಿ ನೋಡಿದಳು. "ಬೆಳಗ್ಗೆ ನಾನೇ ಬಿಚ್ಚಿದ್ದೆ. ಇವರು ಬಿಚ್ಚು ಅಂದ್ರು, ನಾನು ಬಿಚ್ಚಿದೆ. ಹಿಂದಿನ ಬಾಗಿಲಿಗೆ ಬೀಗ ಇರಲಿಲ್ಲ, ಹೇಳಲಿಲ್ಲ. ನಿಮ್ಮ ಮಗಳು ನನ್ನ ಕೇಳಿದಳು, ಒಳಗೇನಿದೆ ಅಂಕಲ್ ಅಂತ. ಖಾಲಿ ಅಂದೆ. ವಿಷ ಇದೆ ಅಂದಿದ್ರೆ ಅವಳು ಹೋಗ್ತಿರಲಿಲ್ಲ. ತಪ್ಪು ಅವಳದ್ದಲ್ಲ."

ಅವಳು ತಕ್ಷಣ ಕೈ ಬಿಡಲಿಲ್ಲ. ಒಂದೊಂದೇ ಬೆರಳು ಸಡಿಲವಾಯಿತು, ಹೊಲಿದದ್ದನ್ನು ಬಿಚ್ಚುವ ಹಾಗೆ. ಎದ್ದು ನಿಂತಳು. ಬಡಿಯುತ್ತಾಳೆ ಎಂದು ಅವನು ಕಣ್ಣು ಮುಚ್ಚಿಕೊಂಡ. ಬಡಿಯಲಿಲ್ಲ.

"ಇದನ್ನ ಪೊಲೀಸರ ಮುಂದೆ ಹೇಳ್ತೀರಾ?"

ಮ್ಯಾನೇಜರು ಒಮ್ಮೆಲೇ ಏನೇನೋ ಹೇಳತೊಡಗಿದರು, ನೌಕರಿ, ಸಹಿ, ಜೈಲು ಎಂಬ ಪದಗಳು ಅವನ ಕಿವಿಗೆ ಬಿದ್ದವು. ಹೇಳಿದರೆ ಎದೆಯ ಭಾರ ಇಳಿಯುತ್ತದೆ ಎಂದು ಎಲ್ಲೋ ಕೇಳಿದ್ದ, ಇಳಿದಿರಲಿಲ್ಲ. ಬೆಳಗ್ಗೆ ಎದ್ದಾಗಿನ ಹೆದರಿಕೆ ಈಗ ಹತ್ತು ಪಾಲು ಹೆಚ್ಚಾಗಿತ್ತು, ಯಾಕೆ ಹೆದರುತ್ತಿದ್ದೇನೆ ಎಂಬುದು ಮಾತ್ರ ಈಗ ಗೊತ್ತಿತ್ತು.

"ಹೇಳ್ತೀನಿ" ಅಂದ.

ಬೆಂಚಿನಿಂದ ಇಳಿದು ಗೋಡೆಗೆ ಒರಗಿ ನೆಲದ ಮೇಲೆ ಕೂತ. ಪೆನ್ಸಿಲಿನ ಅಮ್ಮ ಮೇಡಂ ಜೊತೆ ಪೊಲೀಸರ ನಂಬರು ಹುಡುಕುತ್ತಿದ್ದಳು. ಮ್ಯಾನೇಜರ ಬೂಟಿನ ಸದ್ದು ಮೆಟ್ಟಿಲಿಳಿದು ದೂರವಾಯಿತು. ತುಸು ಹೊತ್ತಿನ ಮೇಲೆ ಮಗಳು ಎದುರಿನ ಗೋಡೆ ಬಿಟ್ಟು ಈಚೆಗೆ ಬಂದಳು. ಅವನ ಕೈ ಹಿಡಿಯಲಿಲ್ಲ, ಮುಖ ನೋಡಲಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ, ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು, ಕೂತಳು.